ಹಳ್ಳದ ಸದ್ದನ್ನು ಮೀರುವ ಸಿಳ್ಳು

ಮೃಗಶಿರ ಮಳೆ ಹಿಡಿದ ಮೇಲೆ ಮಲೆನಾಡಿನ ಬೆಳಗೆಂದರೆ ನೀರಿನ ಸದ್ದು. ಹೆಂಚಿನ ಮೇಲೆ ಸುರಿಯುವ ನೀರಿನದು ಒಂದು ಬಗೆ, ಅಡಿಕೆ ಸೋಗೆಯಿಂದ ತೊಟ್ಟಿಕ್ಕುವುದರದು ಇನ್ನೊಂದು ಬಗೆ. ಇವೆಲ್ಲಕ್ಕೂ ಕೆಳಗೆ, ಶ್ರುತಿ ಹಿಡಿದಂತೆ, ಹಳ್ಳದ ಮೊರೆತ. ಬೇಸಿಗೆಯುದ್ದಕ್ಕೂ ಕಿವಿ ಕೊರೆದ ಬಿಂಬಿ ಹುಳುಗಳು ಆಗ ಸುಮ್ಮನಾಗಿರುತ್ತವೆ. ಹಗಲೆಲ್ಲ ಕುಟ್ರೂ ಕುಟ್ರೂ ಎನ್ನುತ್ತಿದ್ದ ಕುಟ್ರುಹಕ್ಕಿಯೂ ಬಹುಪಾಲು ಬಾಯಿ ಮುಚ್ಚಿರುತ್ತದೆ. ಇಂಥ ಹೊತ್ತಿನಲ್ಲಿ, ಇನ್ನೂ ಬೆಳಕು ಹರಿಯುವ ಮೊದಲೇ, ಹಳ್ಳದ ಕಡೆಯಿಂದ ಮನುಷ್ಯರ ಸಿಳ್ಳಿನಂತಹದೇ ಒಂದು ಸಿಳ್ಳು ಕೇಳಿಬರುತ್ತದೆ. ಒಂದಿಷ್ಟು ಮೇಲೇರುತ್ತದೆ, ಇಳಿಯುತ್ತದೆ, ಇನ್ನೇನು ಒಂದು ಧಾಟಿಗೆ ನಿಂತಿತು ಎನ್ನುವಷ್ಟರಲ್ಲಿ ಬೇರೆಲ್ಲೋ ಹೊರಟುಹೋಗುತ್ತದೆ. ಮೊದಲ ಸಲ ಮಲೆನಾಡಿಗೆ ಬಂದ ನೆಂಟರು ಬೆಳಿಗ್ಗೆ ಎದ್ದು, ಅಷ್ಟು ಹೊತ್ತಿಗೆ ತೋಟಕ್ಕೆ ಹೋದವರು ಯಾರು ಎಂದು ಕೇಳುವುದುಂಟು.

ಅದು ಮಲಬಾರ್ ಸಿಳ್ಳಾರ. ಪಶ್ಚಿಮ ಘಟ್ಟದ ಹಳ್ಳಗಳ ಹಕ್ಕಿ. ಇದರ ಬಗ್ಗೆ ಬರೆಯುವವರೆಲ್ಲ ಹಾಡನ್ನು ಹೊಗಳಿ, ಹಳ್ಳವನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ: 'ವಾಸ: ಕಾಡಿನ ತೊರೆಗಳ ಬಳಿ'. ಅಷ್ಟಕ್ಕೇ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಈ ಹಕ್ಕಿಯ ಬಣ್ಣ, ಗಂಟಲು, ಊಟ, ಗೂಡು, ಮರಿ ಮಾಡುವ ಕಾಲ ಇವುಗಳಲ್ಲಿ ಯಾವುದನ್ನು ಹಿಡಿದು ಹೊರಟರೂ ನಾವು ಹಳ್ಳದ ದಂಡೆಗೇ ಬಂದು ನಿಲ್ಲುತ್ತೇವೆ. ಹಳ್ಳವನ್ನು ಬಿಟ್ಟು ಸಿಳ್ಳಾರನ ಕಥೆ ಹೇಳಲು ಸಾಧ್ಯವಿಲ್ಲ.

ಹಾಡಿನಿಂದಲೇ ತೊಡಗೋಣ. ಕಲ್ಲಿನಿಂದ ಕಲ್ಲಿಗೆ ಬೀಳುವ ನೀರು ನೂರಾರು ಸ್ವರಗಳನ್ನು ಒಟ್ಟಿಗೆ ಕಲಸುತ್ತದೆ. ಅದರ ಬಲವೆಲ್ಲ ಹೆಚ್ಚಾಗಿ ಕೆಳಸ್ವರಗಳಲ್ಲಿ ಇರುತ್ತದೆ. ಮಳೆಗಾಲದ ಹಳ್ಳದ ಪಕ್ಕ ನಿಂತು ಮಾತನಾಡಿ ನೋಡಿದವರಿಗೆ ಇದು ಗೊತ್ತು: ಎದುರಿಗೇ ನಿಂತವರ ತುಟಿ ಅಲುಗುತ್ತದೆ, ಮಾತು ಕೇಳುವುದಿಲ್ಲ. ಮಾತನ್ನು ಬಿಟ್ಟು ಒಂದು ಸಿಳ್ಳು ಹಾಕಿದರೆ ಆಚೆ ದಡದವರು ತಿರುಗಿ ನೋಡುತ್ತಾರೆ. ಉಸಿರಿನ ಶಕ್ತಿಯೆಲ್ಲ ಒಂದೇ ಸ್ವರದಲ್ಲಿ ಕೂಡಿಕೊಂಡಾಗ ಆ ಸ್ವರ ಗದ್ದಲದಿಂದ ಮೇಲೆದ್ದು ನಿಲ್ಲುತ್ತದೆ. ಸಿಳ್ಳಾರ ಮಾಡುವುದೂ ಇದನ್ನೇ. ಅದರ ಹಾಡಿನಲ್ಲಿ ಚಿಲಿಪಿಲಿಯಿಲ್ಲ, ಗುರುಗುಟ್ಟುವಿಕೆಯಿಲ್ಲ. ನಿಧಾನವಾಗಿ ಎಳೆದ, ಒಂದರಿಂದ ಒಂದಕ್ಕೆ ಜಾರುವ ಶುದ್ಧ ಸ್ವರಗಳಷ್ಟೇ ಇವೆ. ದಟ್ಟ ಕಾಡಿನಲ್ಲಿ ಇದಕ್ಕೆ ಇನ್ನೊಂದು ಅನುಕೂಲವಿದೆ. ವೇಗದ ಹಾಡು ಮರದ ಕಾಂಡಗಳಿಗೆ ಬಡಿದು, ತನ್ನದೇ ಮಾರ್ದನಿಯೊಳಗೆ ಕಲಸಿಹೋಗುತ್ತದೆ; ಎಳೆದು ಬಿಟ್ಟ ಸ್ವರ ಅಷ್ಟು ಬೇಗ ಕೆಡದೆ ದೂರ ಸಾಗುತ್ತದೆ.

ಹಗಲಿನಲ್ಲಿ ಅದರ ಗಂಟಲೇ ಬೇರೆ. ಹಳ್ಳದ ಜಾಡಿನಲ್ಲಿ ತಗ್ಗಾಗಿ ಹಾರುತ್ತ 'ಕ್ರೀ' ಎಂದು ಮೊಳೆ ಹೊಡೆದಂತೆ ಚೂಪಾಗಿ ಕೂಗುತ್ತದೆ. ನೀರಿನ ಸದ್ದಿಗಿಂತ ಎಷ್ಟೋ ಮೇಲಿನ ಸ್ಥಾಯಿ ಅದು. ಅಬ್ಬಿಯ, ಅಂದರೆ ಜಲಪಾತದ, ಬುಡದಲ್ಲಿ ನಿಂತಿದ್ದರೂ ಕಿವಿಗೆ ತಾಗದೆ ಹೋಗುವುದಿಲ್ಲ. ಬಹಳಷ್ಟು ಸಲ ಹಕ್ಕಿ ಹಾದುಹೋಯಿತೆಂದು ತಿಳಿಯುವುದು ಆ ಕೂಗಿನಿಂದಲೇ. ತಲೆಯೆತ್ತಿ ನೋಡುವಷ್ಟರಲ್ಲಿ ಒಂದು ಕಪ್ಪು ನೆರಳು ತಿರುವಿನಲ್ಲಿ ಮರೆಯಾಗಿರುತ್ತದೆ.

ಇದೇ ಸದ್ದಿನ ತೊಡಕಿಗೆ ಇದೇ ಹಳ್ಳಗಳ ಇನ್ನೊಂದು ಜೀವಿ ಬೇರೆಯೇ ದಾರಿ ಕಂಡುಕೊಂಡಿದೆ. ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರು ಹೊತ್ತ ಒಂದು ಪುಟ್ಟ ಕಪ್ಪೆಯಿದೆ. ಸಿ. ಆರ್. ನಾರಾಯಣರಾವ್ ಅವರು 1937ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಹರಿಯುವ ನೀರಿನ ನಡುವಿನ ಒದ್ದೆ ಕಲ್ಲಿನ ಮೇಲೆ ಕುಳಿತ ಗಂಡುಕಪ್ಪೆ ವಟಗುಟ್ಟುತ್ತದೆ. ಅಷ್ಟಕ್ಕೇ ನೆಚ್ಚಿಕೊಳ್ಳದೆ ಹಿಂಗಾಲನ್ನು ಒಮ್ಮೆ ನೀಳವಾಗಿ ಚಾಚಿ, ಬೆರಳುಗಳ ನಡುವಿನ ಬಿಳಿಯ ಪೊರೆಯನ್ನು ಬಿಡಿಸಿ ತೋರಿಸುತ್ತದೆ. ಕುಣಿಯುವ ಕಪ್ಪೆ ಎಂದು ಹೆಸರಾದದ್ದು ಇದೇ. ಕಿವಿಗೆ ತಲುಪದ್ದನ್ನು ಕಣ್ಣಿಗೆ ತಲುಪಿಸುವ ಉಪಾಯ. ಒಂದೇ ಹಳ್ಳದಲ್ಲಿ ಕಪ್ಪೆ ಕಾಲೆತ್ತಲು ಕಲಿಯಿತು, ಹಕ್ಕಿ ಸ್ವರ ತಿದ್ದಿಕೊಂಡಿತು. ನನ್ನ ಪಾಲಿಗೆ ಘಟ್ಟದ ನೀರಿನ ಸದ್ದು ಎಷ್ಟು ದೊಡ್ಡದು ಎನ್ನುವುದನ್ನು ಇವೆರಡಕ್ಕಿಂತ ಚೆನ್ನಾಗಿ ಹೇಳುವ ಸಾಕ್ಷಿ ಇನ್ನಿಲ್ಲ.

ಕತ್ತಲಿರುವಾಗಲೇ ಹಾಡುವುದೇಕೆ ಎಂಬುದಕ್ಕೂ ಕಾರಣಗಳಿವೆ. ಆ ಮಂಕು ಬೆಳಕಿನಲ್ಲಿ ಹುಳು ಹುಡುಕುವುದು ಕಷ್ಟ. ಹಾಗಾಗಿ ಹಾಡಲು ಅದು ಬಿಡುವಿನ ಹೊತ್ತು. ದೊಡ್ಡ ಕಣ್ಣಿನ ಹಕ್ಕಿಗಳು ಉಳಿದವುಗಳಿಗಿಂತ ಮೊದಲು ಹಾಡಲು ತೊಡಗುತ್ತವೆ ಎಂದು ಹಕ್ಕಿಗಳನ್ನು ಅಧ್ಯಯನ ಮಾಡಿದವರು ಕಂಡುಕೊಂಡಿದ್ದಾರೆ. ಮರಗಳ ಅಡಿಯ ಅರೆಗತ್ತಲಲ್ಲೇ ಬದುಕುವ ಸಿಳ್ಳಾರನಿಗೆ ಬೆಳಗಿನ ಮೊದಲ ಬೂದು ಬೆಳಕೇ ಸಾಕು. ಬೆಳಕು ಬಲಿತಂತೆ ಹಾಡು ಕಡಿಮೆಯಾಗಿ, ಹಕ್ಕಿ ಕಲ್ಲುಗಳ ಮೇಲಿಳಿಯುತ್ತದೆ. ಸಂಜೆ ಮತ್ತೆ ಸ್ವಲ್ಪ ಹೊತ್ತು ಹಾಡುತ್ತದೆ. ಮೋಡ ಕವಿದ ದಿನಗಳಲ್ಲಿ ಮಧ್ಯಾಹ್ನವೂ ಒಂದೆರಡು ಸಲ ಗಂಟಲು ತೆರೆಯುತ್ತದೆ.

ಇನ್ನು ಬಣ್ಣ. ಸುಮಾರು 25 ಸೆಂಟಿಮೀಟರ್ ಉದ್ದದ ಹಕ್ಕಿ. ಕೊಕ್ಕು ಕಪ್ಪು, ಕಾಲು ಕಪ್ಪು. ಗಂಡು ಹೆಣ್ಣುಗಳಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ. ನೆರಳಿನಲ್ಲಿ ಕುಳಿತಿದ್ದರೆ ಇಡೀ ಹಕ್ಕಿಯೇ ಒದ್ದೆ ಬಂಡೆಯ ಒಂದು ತುಣುಕು. ಬಿಸಿಲಿನ ಒಂದು ಕೋಲು ಓರೆಯಾಗಿ ಬಿದ್ದಾಗ ಮಾತ್ರ ಹಣೆಯ ಮೇಲೆ ಒಂದು ಪಟ್ಟಿ, ಭುಜದ ಮೇಲೆ ಒಂದು ತೇಪೆ ನೀಲಿಯಾಗಿ ಬೆಳಗುತ್ತವೆ. ಹಕ್ಕಿ ಒಂದಿಷ್ಟು ತಿರುಗಿತೋ, ನೀಲಿ ಇಲ್ಲವಾಗುತ್ತದೆ. ಹಕ್ಕಿಗಳ ನೀಲಿ ಸಾಮಾನ್ಯವಾಗಿ ಬಣ್ಣದ ಕಣಗಳಿಂದ ಬಂದದ್ದಲ್ಲ. ಗರಿಯ ಎಳೆಯೊಳಗಿನ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್ ಮತ್ತು ಗಾಳಿಯ ಅತಿ ಸೂಕ್ಷ್ಮ ರಚನೆ ಬೆಳಕಿನಲ್ಲಿರುವ ನೀಲಿಯನ್ನಷ್ಟೇ ಆರಿಸಿ ಹಿಂದಿರುಗಿಸುತ್ತದೆ. ಅದರ ಕೆಳಗಿನ ಕಪ್ಪು ಪದರ ಉಳಿದ ಬಣ್ಣಗಳನ್ನು ನುಂಗುತ್ತದೆ. ಬಿದ್ದ ಸಿಳ್ಳಾರನ ಗರಿಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಅಡ್ಡಲಾಗಿ ನೋಡಿದರೆ ಅದು ಬರೀ ಕಂದು ಮಿಶ್ರಿತ ಕಪ್ಪು. ಬೆಳಕನ್ನು ಬೆನ್ನ ಹಿಂದೆ ಬಿಟ್ಟುಕೊಂಡು ವಾಲಿಸಿದರೆ ಅಂಚಿನಲ್ಲಿ ನೀಲಿ ಏಳುತ್ತದೆ. ಅಡಗಿರಬೇಕಾದಾಗ ಬಂಡೆ, ಕಾಣಿಸಿಕೊಳ್ಳಬೇಕಾದಾಗ ಮಿಂಚು. ನೀರು, ನೆರಳು, ಬಿಸಿಲು ಕ್ಷಣಕ್ಷಣಕ್ಕೂ ಜಾಗ ಬದಲಿಸುವ ಕಡೆ ಬದುಕುವ ಹಕ್ಕಿಗೆ ಇದಕ್ಕಿಂತ ಒಪ್ಪುವ ಉಡುಪು ಯಾವುದು?

ಕಲ್ಲಿನ ಮೇಲೆ ಅದು ನಡೆಯುವುದಿಲ್ಲ, ಕುಪ್ಪಳಿಸುತ್ತದೆ. ನಿಂತಾಗ ಬಾಲವನ್ನು ಮೇಲೆತ್ತಿ ಬೀಸಣಿಗೆಯಂತೆ ಬಿಡಿಸಿ ಮುಚ್ಚುತ್ತದೆ. ನಮ್ಮ ತೋಟದ ಕೆಳಗಿನ ಹಳ್ಳದಲ್ಲಿ ಒಂದು ಚಪ್ಪಟೆ ಕಲ್ಲಿದೆ. ಅದರ ಮೇಲೆ ಯಾವಾಗಲೂ ಏಡಿಯ ಕಾಲುಗಳು, ಒಡೆದ ಶಂಖದಹುಳುವಿನ ಚಿಪ್ಪುಗಳು ಬಿದ್ದಿರುತ್ತವೆ. ಒಂದು ಬೆಳಿಗ್ಗೆ ಅದರ ಎದುರಿನ ದರೆಯ ಮೇಲೆ ಜರಿಗಿಡಗಳ ಮರೆಯಲ್ಲಿ, ಉಂಬಳಗಳನ್ನು ಕಿತ್ತೆಸೆಯುತ್ತ, ಕುಳಿತಿದ್ದೆ. ಸಿಳ್ಳಾರ ನೀರಿನಂಚಿನ ಎಲೆರಾಶಿಯನ್ನು ಕೊಕ್ಕಿನಿಂದ ಒಂದೊಂದಾಗಿ ಎತ್ತಿ ಪಕ್ಕಕ್ಕೆ ಎಸೆಯಿತು. ಕೆಳಗಿನಿಂದ ಕಂದು ಬಣ್ಣದ ಏಡಿಯೊಂದು ಹೊರಬಂದು ಕೊಂಡಿಗಳನ್ನು ಎತ್ತಿ ನಿಂತಿತು. ಹಕ್ಕಿ ಎದುರಿನಿಂದ ಹೋಗಲಿಲ್ಲ. ಸುತ್ತಿ ಬಂದು ಹಿಂದಿನ ಕಾಲೊಂದನ್ನು ಕಚ್ಚಿ ಹಿಡಿದು, ಚಪ್ಪಟೆ ಕಲ್ಲಿಗೆ ಹಾರಿ, ತಲೆಯನ್ನು ಎಡಕ್ಕೂ ಬಲಕ್ಕೂ ಬೀಸಿ ಬಡಿಯತೊಡಗಿತು. ಕಾಲು ಮುರಿದು ಏಡಿ ದೂರ ಬಿತ್ತು. ಮತ್ತೆ ಇನ್ನೊಂದು ಕಾಲು ಹಿಡಿದು ಬಡಿಯಿತು. ಹೀಗೆ ಕಾಲುಗಳು, ಕೊಂಡಿಗಳು ಎಲ್ಲ ಕಳಚಿ ಬಿದ್ದು, ಬೆನ್ನಿನ ಚಿಪ್ಪು ಸೀಳಿ, ಒಳಗಿನ ಮೆದು ಭಾಗ ಕಾಣಿಸಿತು. ಅದನ್ನು ನುಂಗಿ, ಕೊಕ್ಕನ್ನು ಕಲ್ಲಿನ ಅಂಚಿಗೆ ಎರಡೂ ಕಡೆ ಉಜ್ಜಿ ಒರೆಸಿಕೊಂಡು, ಏನೂ ನಡೆದಿಲ್ಲವೆಂಬಂತೆ ಮತ್ತೆ ಎಲೆ ಮಗುಚಲು ಹೋಯಿತು. ಬೆಳಗಿನ ಮಾಧುರ್ಯವನ್ನಷ್ಟೇ ಕೇಳಿದವರಿಗೆ ಈ ಹಕ್ಕಿಯ ಕೊಕ್ಕಿನ ಬಲ ಅಂದಾಜಿಗೆ ಸಿಗುವುದಿಲ್ಲ.

ಏಡಿ, ಶಂಖದಹುಳು, ಎರೆಹುಳು, ಪುಟ್ಟ ಕಪ್ಪೆ, ನೀರಿನ ಕೀಟಗಳು, ಜೊತೆಗೆ ಅತ್ತಿ ಜಾತಿಯ ಹಣ್ಣುಗಳು. ಇಷ್ಟು ಅದರ ಊಟ. ಈ ಊಟ ಹಳ್ಳಕ್ಕೆ ಬರುವುದು ಎಲ್ಲಿಂದ ಎಂದು ಕೇಳಿಕೊಂಡರೆ ದೃಷ್ಟಿ ಮೇಲಕ್ಕೆ ಹೋಗುತ್ತದೆ. ಮರಗಳು ಎರಡೂ ದಡದಿಂದ ಕೂಡಿಕೊಂಡು ಬೆಳೆದ ಸಣ್ಣ ಹಳ್ಳದಲ್ಲಿ ಬಿಸಿಲು ಕಡಿಮೆ, ಪಾಚಿ ಕಡಿಮೆ. ಅಲ್ಲಿ ಬದುಕೆಲ್ಲ ಉದುರಿದ ಎಲೆಯ ಮೇಲೆ ನಿಂತಿದೆ. ನೆನೆದ ಎಲೆಗೆ ಶಿಲೀಂಧ್ರ ಹತ್ತುತ್ತದೆ. ಮರಳಿನ ಕಣಗಳನ್ನು ಅಂಟಿಸಿ ಗೂಡುಕೊಳವೆ ಹೊಲಿದುಕೊಂಡ ಮರಿಹುಳುಗಳು ಆ ಎಲೆಯನ್ನು ಹರಿದು ತಿನ್ನುತ್ತವೆ. ಅವು ಬಿಟ್ಟ ಚೂರುಗಳನ್ನು ಸೋಸಿ ತಿನ್ನುವ ಇನ್ನೊಂದಿಷ್ಟು ಹುಳುಗಳು ಕೆಳಗಿನ ಕಲ್ಲುಗಳಲ್ಲಿ ಕಾದಿರುತ್ತವೆ. ಏಡಿಯೂ ಎಲೆ ತಿನ್ನುತ್ತದೆ. ಹೀಗಾಗಿ ದಡದ ಮರ ಕಡಿದರೆ ಹಳ್ಳದ ಅನ್ನವನ್ನೇ ಕಿತ್ತುಕೊಂಡಂತೆ. ನೀರು ಅಷ್ಟೇ ಹರಿಯುತ್ತಿರಬಹುದು, ಸಿಳ್ಳಾರನಿಗೆ ಬೇಕಾದದ್ದು ಅದರಲ್ಲಿ ಇರುವುದಿಲ್ಲ.

ಮರಿ ಮಾಡುವ ಕಾಲವಂತೂ ನನಗೆ ಯಾವಾಗಲೂ ಸೋಜಿಗ. ಬೇರೆ ಹಲವು ಹಕ್ಕಿಗಳು ಮಳೆಗೆ ಮೊದಲೇ ಸಂಸಾರ ಮುಗಿಸಿಕೊಳ್ಳುತ್ತವೆ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಆರಿದ್ರೆ, ಪುನರ್ವಸು, ಪುಷ್ಯ ಎಂದು ಮಳೆ ನಕ್ಷತ್ರಗಳು ಒಂದರ ಹಿಂದೊಂದು ಬಂದು ಬಟ್ಟೆ ಒಣಗದ, ಬೆಂಕಿ ಹತ್ತದ ದಿನಗಳಲ್ಲಿ ಈ ಹಕ್ಕಿ ಮೊಟ್ಟೆಯಿಡುತ್ತದೆ. ಅದೂ ಎಲ್ಲಿ? ಅಬ್ಬಿಯ ಪಕ್ಕದ, ಒಮ್ಮೊಮ್ಮೆ ಅಬ್ಬಿಯ ಹಿಂದಿನ, ಬಂಡೆಯ ಚಾಚಿನ ಮೇಲೆ. ಬೇರು, ಹುಲ್ಲು, ಹಾವಸೆ, ಕೆಸರು ಸೇರಿಸಿ ಒಂದು ದಪ್ಪ ಬಟ್ಟಲು ಕಟ್ಟುತ್ತದೆ. ಹೊರಗಿನ ಹಾವಸೆ ಒದ್ದೆಯಲ್ಲಿ ಹಸಿರಾಗಿಯೇ ಉಳಿದು, ಗೂಡು ಯಾವುದು ಬಂಡೆ ಯಾವುದು ಎಂದು ತಿಳಿಯದಂತಾಗುತ್ತದೆ. ಒಳಗೆ ನವಿರಾದ ಬೇರಿನ ಹಾಸು. ಸಾಮಾನ್ಯವಾಗಿ ಎರಡರಿಂದ ನಾಲ್ಕು ಮೊಟ್ಟೆ. ಕಾವು ಕೊಡುವುದು ಎರಡು ವಾರ ಮೀರಿ.

ಯೋಚಿಸಿದರೆ ಇದು ದಡ್ಡತನವಲ್ಲ. ಭೋರ್ಗರೆವ ನೀರಿನ ಮೇಲಿನ ನುಣುಪು ಬಂಡೆಯನ್ನು ಹಾವು, ಇಲಿ, ಮುಂಗುಸಿ ಏರುವುದು ಕಷ್ಟ. ಬೇಸಿಗೆಯಲ್ಲಿ ಇದೇ ಬಂಡೆಗೆ ಯಾರು ಬೇಕಾದರೂ ಕಾಲಿಡಬಹುದು. ಮಳೆ ಹಿಡಿದ ಮೇಲೆ ಎರೆಹುಳು ನೆಲದ ಮೇಲೆ ಬರುತ್ತದೆ, ಏಡಿ ಹಳ್ಳ ಬಿಟ್ಟು ಗದ್ದೆ ಬದುವಿಗೂ ಏರುತ್ತದೆ, ಶಂಖದಹುಳು ಗಿಡಗಿಡದಲ್ಲಿ. ಮರಿಗಳ ಬಾಯಿ ತುಂಬಿಸಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಅಪಾಯವೂ ಇದೆ. ಮೇಲಿನ ಕಾಡಿನಲ್ಲಿ ಒಂದೇ ರಾತ್ರಿ ಮಳೆ ಜಡಿದರೆ ಹಳ್ಳ ಆಳೆತ್ತರ ಏರುತ್ತದೆ. ಚಾಚು ಎಷ್ಟು ಎತ್ತರದಲ್ಲಿದೆ ಎನ್ನುವುದರ ಮೇಲೆ ಆ ವರ್ಷದ ಮರಿಗಳ ಹಣೆಬರಹ. ಬಹುಶಃ ಅದಕ್ಕೇ ಒಳ್ಳೆಯ ಚಾಚು ಸಿಕ್ಕರೆ ಅದನ್ನು ವರ್ಷವರ್ಷವೂ ಬಿಡುವುದಿಲ್ಲ. ಹಳೆಯ ಗೂಡಿನ ಮೇಲೇ ಹೊಸ ಹಾವಸೆ ಮೆತ್ತುತ್ತದೆ. ಮನೆಯ ಜಂತೆ, ಹಳೆಯ ಬಂಗಲೆಯ ಸೂರಿನಡಿಯೂ ಅದಕ್ಕೆ ಒಪ್ಪಿಗೆ. ಮಳೆ ತಾಗದ, ಕೆಳಗಿನಿಂದ ಯಾರೂ ಏರಲಾಗದ ಅಂಚು ಸಿಕ್ಕರೆ ಸಾಕು.

ವಂಶದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. 1831ರಲ್ಲಿ ನಿಕೊಲಸ್ ವಿಗರ್ಸ್ ಇದಕ್ಕೆ ವೈಜ್ಞಾನಿಕ ಹೆಸರಿಟ್ಟರು. ಅದರಲ್ಲಿ ಥಾಮಸ್ ಹಾರ್ಸ್‌ಫೀಲ್ಡ್ ಎಂಬ ಪ್ರಕೃತಿವಿಜ್ಞಾನಿಯ ಹೆಸರು ಸೇರಿದೆ. ಬಹಳ ಕಾಲ ನೆಲಸಿಳ್ಳಾರಗಳ ಕುಟುಂಬದಲ್ಲಿದ್ದ ಇದನ್ನು ಈಗ ನೊಣಹಿಡುಕಗಳ ಕುಟುಂಬಕ್ಕೆ ಸೇರಿಸಿದ್ದಾರೆ. ಇದರ ದಾಯಾದಿಗಳು ಹಿಮಾಲಯ, ಶ್ರೀಲಂಕಾ, ಜಾವಾ, ತೈವಾನ್‌ಗಳ ಬೆಟ್ಟದ ತೊರೆಗಳಲ್ಲಿವೆ. ಶ್ರೀಲಂಕಾದ್ದು ಅಳಿವಿನಂಚಿನಲ್ಲಿದೆ. ಹಿಮಾಲಯದ ಸಿಳ್ಳಾರನಿಗೆ ಹಳದಿ ಕೊಕ್ಕು, ಮೈತುಂಬ ಮಿನುಗುವ ಚುಕ್ಕಿ. ಆ ತೊರೆಗಳಲ್ಲಿ ಅದಕ್ಕೆ ನೀರಿನಲ್ಲಿ ಮುಳುಗಿ ಹುಳು ಹಿಡಿಯುವ ಹಕ್ಕಿಗಳು, ಕವಲುಬಾಲದ ಹಕ್ಕಿಗಳು ಎಂದು ಹಲವು ನೆರೆಹೊರೆ. ಪಶ್ಚಿಮ ಘಟ್ಟದಲ್ಲಿ ಇವು ಯಾವುವೂ ಇಲ್ಲ. ಚಳಿಗಾಲಕ್ಕೆ ಬಂದು ಹೋಗುವ ಬೂದು ಸಿಪಿಲೆಯನ್ನು ಬಿಟ್ಟರೆ ಹಳ್ಳದ ಕಲ್ಲುಗಳ ಮೇಲೆ ವರ್ಷವಿಡೀ ಬಾಳುವ ಹಾಡುಹಕ್ಕಿ ನಮ್ಮಲ್ಲಿ ಇದೊಂದೇ ಎಂದರೂ ನಡೆಯುತ್ತದೆ. ಉತ್ತರದಲ್ಲಿ ಗುಜರಾತಿನ ಡಾಂಗ್ ಕಾಡುಗಳಿಂದ ದಕ್ಷಿಣದ ತುದಿಯವರೆಗೆ ಘಟ್ಟದ ಸಾಲಿನುದ್ದಕ್ಕೂ, ಮಧ್ಯಭಾರತದ ಸಾತ್ಪುರ ಬೆಟ್ಟಗಳಲ್ಲೂ ಇದು ಸಿಗುತ್ತದೆ. ಕೇಳಿದ ರಾಗವನ್ನು ಕಲಿತು ಹಾಡುತ್ತದೆಂದು ಒಂದು ಕಾಲದಲ್ಲಿ ಪಂಜರದಲ್ಲಿ ಸಾಕುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯಡಿ ಈಗ ಅದಕ್ಕೆ ಅವಕಾಶವಿಲ್ಲ.

ಆದರೆ ಹಕ್ಕಿಯನ್ನು ಹಿಡಿಯದಿದ್ದರೆ ಸಾಕೇ? ನದಿ ಎಂದರೆ ನಮಗೆ ತುಂಗೆ, ಭದ್ರೆ, ನೇತ್ರಾವತಿ. ಸಿಳ್ಳಾರನ ನದಿಗಳಿಗೆ ಹೆಸರೇ ಇಲ್ಲ. ಒಂದು ದಡದಿಂದ ಇನ್ನೊಂದು ದಡಕ್ಕೆ ನೆಗೆಯಬಹುದಾದ, ನಕ್ಷೆಯಲ್ಲಿ ಗೆರೆಯಾಗಿಯೂ ಕಾಣದ ಹಳ್ಳಗಳು ಅವು. ತುಂಗೆ ಭದ್ರೆಯರು ಹುಟ್ಟುವ ಗಂಗಾಮೂಲದ ಸುತ್ತ 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಅಲ್ಲಿಯ ಕಬ್ಬಿಣದ ಗಣಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಅದು ದೊಡ್ಡ ಗೆಲುವು, ಅದಕ್ಕಾಗಿ ದುಡಿದವರಿಗೆ ನಾನು ಕೃತಜ್ಞ. ಈಚೆಗೆ ಸಕಲೇಶಪುರದ ಕಡೆ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಅಡ್ಡಗಟ್ಟೆ ಕಟ್ಟಿ, 24.01 ಟಿಎಂಸಿ ನೀರನ್ನು ಮಳೆಗಾಲದಲ್ಲಿ ಪೂರ್ವಕ್ಕೆ ಎತ್ತುವ ಯೋಜನೆಯ ಮೊದಲ ಹಂತ 2024ರಲ್ಲಿ ಉದ್ಘಾಟನೆಗೊಂಡಿತು. ಕೋಲಾರ, ಚಿಕ್ಕಬಳ್ಳಾಪುರದ ಬಾಯಾರಿಕೆ ಸುಳ್ಳಲ್ಲ, ಅದನ್ನು ಹಗುರವಾಗಿ ನೋಡುವ ಹಕ್ಕು ಮಳೆನಾಡಿನವರಿಗಿಲ್ಲ. ಆದರೂ ನೀರೆತ್ತುವ ಆ ತಿಂಗಳುಗಳೇ ಗಟ್ಟೆಯ ಕೆಳಗಿನ ಬಂಡೆಚಾಚುಗಳಲ್ಲಿ ಮರಿ ಬೆಳೆಯುವ ತಿಂಗಳುಗಳು. 'ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರು' ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಆ ನೀರು ಸಮುದ್ರ ಸೇರುವ ಮೊದಲು ದಾರಿಯಲ್ಲಿ ಎಷ್ಟೊಂದು ಜೀವಗಳ ಕೆಲಸ ಮಾಡಿ ಮುಗಿಸಿರುತ್ತದೆ!

ದೊಡ್ಡ ಯೋಜನೆಗಳ ಮಾತು ನಮ್ಮ ಕೈಯಲ್ಲಿಲ್ಲ ಎನ್ನುವುದಾದರೆ, ನಮ್ಮ ಕೈಯಲ್ಲೇ ಇರುವ ಒಂದು ಸಂಗತಿಯಿದೆ. ಅಡಿಕೆಗೆ ಕೊಳೆರೋಗ ತಗಲದಂತೆ ಮಳೆಗಾಲಕ್ಕೆ ಮುನ್ನ ಒಮ್ಮೆ, ಮತ್ತೆ ನಲವತ್ತು ನಲವತ್ತೈದು ದಿನ ಕಳೆದು ಇನ್ನೊಮ್ಮೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಸುಮಾರು 1910ರ ಹೊತ್ತಿಗೆ ತೋರಿಸಿಕೊಟ್ಟ ದಾರಿ ಅದು. ನೂರು ವರ್ಷ ಮೀರಿದರೂ ಮಲೆನಾಡಿನ ಅಡಿಕೆಯನ್ನು ಕಾಯುತ್ತಿರುವುದು ಅದೇ ಮೈಲುತುತ್ತ ಮತ್ತು ಸುಣ್ಣ. ಅದನ್ನು ಬಿಡಿ ಎಂದು ಬೆಳೆಗಾರನಿಗೆ ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ. ಆದರೆ ಮೈಲುತುತ್ತವೆಂದರೆ ತಾಮ್ರ. ನೆಲದಲ್ಲಿ ಬಿದ್ದರೆ ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ. ನೇರವಾಗಿ ನೀರಿಗೆ ಬಿದ್ದರೆ ಶಂಖದಹುಳು, ಏಡಿಮರಿ, ನೀರಿನ ಹುಳುಗಳಿಗೆ ತೀರ ಸಣ್ಣ ಪ್ರಮಾಣವೂ ವಿಷ. ಔಷಧಿ ಕದಡಲು ನೀರು ಬೇಕೆಂದು ಡ್ರಮ್ಮನ್ನು ಹಳ್ಳದ ಅಂಚಿನಲ್ಲೇ ಇಡುವುದು ಎಲ್ಲ ಕಡೆಯ ವಾಡಿಕೆ. ಕೆಲಸ ಮುಗಿದ ಮೇಲೆ ಡ್ರಮ್, ಪೈಪು, ದೋಟಿ ಎಲ್ಲವನ್ನೂ ಹಳ್ಳಕ್ಕೇ ಇಳಿಸಿ ತೊಳೆದರೆ ತಳದಲ್ಲಿ ಉಳಿದ ಗಟ್ಟಿ ನೀಲಿ ಗಸಿ ಒಂದೇ ಸಲಕ್ಕೆ ಕೆಳಗಿನ ಗುಂಡಿಗಳಿಗೆ ಹೋಗುತ್ತದೆ. ಮರಕ್ಕೆ ಹೊಡೆದದ್ದರಿಂದ ಮಳೆಗೆ ತೊಳೆದು ಬರುವುದು ಬೇರೆ, ಈ ಗಸಿ ಬೇರೆ.

ಎರಡನೆಯ ಔಷಧಿಯ ಹೊತ್ತಿಗೆ ಸಾಮಾನ್ಯವಾಗಿ ಪುಷ್ಯ ಮಳೆ ನಡೆಯುತ್ತಿರುತ್ತದೆ. ಒಂದೆರಡು ದಿನ ಬಿಸಿಲು ಬಿದ್ದರೆ ಅಡಿಕೆ ಮರ ಹತ್ತುವ ಊರಿನ ಕೊನೆಗಾರರಿಗೆಲ್ಲ ಒಮ್ಮೆಗೇ ಬೇಡಿಕೆ. ಅದೇ ದಿನಗಳಲ್ಲಿ ಸಿಳ್ಳಾರನ ಮರಿಗಳಿಗೆ ಹೊತ್ತುಹೊತ್ತಿಗೆ ಏಡಿ, ಹುಳು ಬೇಕು. ನಮ್ಮ ತೋಟದಲ್ಲಿ ಈಗ ಡ್ರಮ್ಮು ನಿಲ್ಲುವುದು ನೀರು ಹರಿಯಲು ತೋಡಿದ ಮೇಲಿನ ಕಾದಿಗೆಯ ಆಚೆ, ಹಲಸಿನ ಮರದ ಬುಡದಲ್ಲಿ. ಹಳ್ಳದಿಂದ ಅಲ್ಲಿಗೆ ಒಂದು ಕಪ್ಪು ಪೈಪು ಎಳೆದಿದ್ದೇವೆ. ತೊಳೆದ ನೀರು ಇಂಗಲು ಪಕ್ಕದಲ್ಲಿ ಒಂದು ಗುಂಡಿ, ಅದರೊಳಗೆ ದರಕು (ಒಣ ಎಲೆ) ಮತ್ತು ಬೂದಿ. ಪೈಪು ಎಳೆಯುವ ಖರ್ಚು ದೊಡ್ಡದಲ್ಲ, ಡ್ರಮ್ಮು ತೋಟದ ನಡುವೆಯೇ ಇರುವುದರಿಂದ ಔಷಧಿ ಹೊರುವ ದೂರವೂ ಕಡಿಮೆಯಾಯಿತು. ಕೆಳಗಿನ ತೋಟದವರು ನೋಡಿಕೊಂಡು ಹೋಗಿದ್ದಾರೆ. ಅವರ ಹಳ್ಳ ನಮ್ಮದಕ್ಕಿಂತ ಅಗಲ, ದಡದಲ್ಲಿ ಹೊಳೆಮತ್ತಿ ಮರಗಳಿನ್ನೂ ಉಳಿದಿವೆ, ಅಬ್ಬಿಯ ಪಕ್ಕ ಒಳ್ಳೆಯ ಚಾಚೂ ಇದೆ. ಮುಂದಿನ ಮಳೆಗೆ ಮೊದಲು ಅಲ್ಲಿಗೂ ಪೈಪು ಹಾಕುವುದೆಂದು ಮಾತಾಗಿದೆ.